ಸಿಎಂಎಲ್ ಮಾತ್ರೆ ನಿಲ್ಲಿಸುವ ಮುನ್ನ: ರೋಗನಿರೋಧಕ ಕೋಶಗಳನ್ನು ಎಷ್ಟು ನೆಚ್ಚಿಕೊಳ್ಳಬಹುದು?

ಸಿಎಂಎಲ್, ಅಂದರೆ ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯ ಇರುವವರಿಗೆ ವೈದ್ಯರು "ಇನ್ನು ಮಾತ್ರೆ ನಿಲ್ಲಿಸಿ ನೋಡಬಹುದು" ಎಂದಾಗ ಸಂತೋಷದ ಬೆನ್ನಿಗೇ ಒಂದು ಪ್ರಶ್ನೆ ಏಳುತ್ತದೆ: ಮಾತ್ರೆ ಇಲ್ಲದೆ ರೋಗವನ್ನು ಹಿಡಿದಿಡುವ ಶಕ್ತಿ ನನ್ನ ದೇಹಕ್ಕೆ ಇದೆಯೇ? ನನ್ನ ತಮ್ಮ ಇದನ್ನು ನನ್ನನ್ನೇ ಕೇಳಿದ. ನಾನು ಕೆಲಸ ಮಾಡುವುದು ಫ್ಲೋ ಸೈಟೋಮೆಟ್ರಿ ಪ್ರಯೋಗಾಲಯದಲ್ಲಿ. ರಕ್ತದ ಕೋಶಗಳಿಗೆ ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯಗಳನ್ನು ಅಂಟಿಸಿ, ಲೇಸರ್ ಕಿರಣದ ಮುಂದೆ ಒಂದೊಂದಾಗಿ ಹರಿಸಿ, ಯಾವ ಬಗೆಯ ಕೋಶ ಎಷ್ಟಿದೆ ಎಂದು ಎಣಿಸುವುದು ನನ್ನ ನಿತ್ಯದ ಕೆಲಸ. "ಅಕ್ಕ, ನನ್ನ ರಕ್ತವನ್ನೂ ನಿನ್ನ ಯಂತ್ರದಲ್ಲಿ ಹಾಕಿ ನೋಡಿ ಹೇಳಿಬಿಡು, ನಿಲ್ಲಿಸಬಹುದೋ ಬೇಡವೋ" ಎಂದ.

ಹೇಳಲು ಸಾಧ್ಯವಿಲ್ಲ ಎಂದೆ. ರೋಗನಿರೋಧಕ ಕೋಶಗಳಿಗೆ ಇದರಲ್ಲಿ ಪಾತ್ರವಿದೆ ಎಂಬುದಕ್ಕೆ ಒಳ್ಳೆಯ ಆಧಾರಗಳಿವೆ. ಆದರೆ ಒಬ್ಬ ವ್ಯಕ್ತಿಯ ರಕ್ತದಲ್ಲಿ ಅವುಗಳನ್ನು ಎಣಿಸಿ "ನೀನು ನಿಲ್ಲಿಸು, ನೀನು ಬೇಡ" ಎಂದು ನಿರ್ಧರಿಸುವ ಪರೀಕ್ಷೆ ಇನ್ನೂ ಚಿಕಿತ್ಸೆಯ ಮಾರ್ಗಸೂಚಿಗಳಲ್ಲಿ ಇಲ್ಲ. ಈ ಎರಡು ಮಾತುಗಳನ್ನು ಜೊತೆಯಾಗಿ ಮನಸ್ಸಿನಲ್ಲಿಟ್ಟುಕೊಂಡವರು ಔಷಧ ನಿಲ್ಲಿಸುವ ಹಾದಿಯನ್ನು ಹೆಚ್ಚು ಸಮಾಧಾನದಿಂದ ನಡೆಯುತ್ತಾರೆ ಎಂಬುದು ನನ್ನ ನಂಬಿಕೆ. ಮೊದಲ ಮಾತನ್ನು ಮಾತ್ರ ಹಿಡಿದವರು ದುಬಾರಿ ಪರೀಕ್ಷೆಗಳ ಮತ್ತು "ಇಮ್ಯುನಿಟಿ ಹೆಚ್ಚಿಸುವ" ಪುಡಿಗಳ ಹಿಂದೆ ಹೋಗುತ್ತಾರೆ.

ಇಲ್ಲಿ ಬರೆದಿರುವುದೆಲ್ಲ ಸಿಎಂಎಲ್‌ಗೆ ಮಾತ್ರ ಸಂಬಂಧಿಸಿದ್ದು. ಸಿಎಲ್‌ಎಲ್ ಎಂಬ ಇನ್ನೊಂದು ದೀರ್ಘಕಾಲಿಕ ಲ್ಯುಕೇಮಿಯದ ಔಷಧಗಳೂ ನಿಯಮಗಳೂ ಬೇರೆ. ಎರಡನ್ನೂ ಬೆರೆಸಿ ಓದಬೇಡಿ. ಮತ್ತು ಯಾವ ಕಾರಣಕ್ಕೂ ನಿಮ್ಮ ರಕ್ತರೋಗ ತಜ್ಞರಿಗೆ ತಿಳಿಸದೆ ಮಾತ್ರೆ ಬಿಡಬೇಡಿ.

ನಿಲ್ಲಿಸುವುದು ಎಂದರೆ ಏನು

ಸಿಎಂಎಲ್‌ನ ಮೂಲ ಒಂದೇ ಒಂದು ತಪ್ಪು ಜೋಡಣೆ. 9 ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿ ಬಿಸಿಆರ್-ಎಬಿಎಲ್ ಎಂಬ ಜೋಡಿ ಜೀನ್ ಹುಟ್ಟುತ್ತದೆ. ಅದು ತಯಾರಿಸುವ ಪ್ರೋಟೀನು ಬಿಳಿ ರಕ್ತಕಣಗಳಿಗೆ "ಬೆಳೆಯುತ್ತಲೇ ಇರು" ಎಂಬ ಆಜ್ಞೆಯನ್ನು ಬಿಡದೆ ಕೊಡುತ್ತದೆ. 2001ರಲ್ಲಿ ಬಳಕೆಗೆ ಬಂದ ಇಮಾಟಿನಿಬ್, ಅನಂತರದ ಡಾಸಾಟಿನಿಬ್, ನಿಲೋಟಿನಿಬ್ ಮುಂತಾದ ಮಾತ್ರೆಗಳು ಆ ಆಜ್ಞೆಯನ್ನು ತಡೆಯುತ್ತವೆ. ಆರಂಭದಲ್ಲಿ ಈ ಮಾತ್ರೆಗಳನ್ನು ಜೀವನಪೂರ್ತಿ ನುಂಗಬೇಕು ಎಂದೇ ಎಲ್ಲರೂ ಭಾವಿಸಿದ್ದರು.

ಆ ಭಾವನೆಯನ್ನು ಅಲುಗಾಡಿಸಿದ್ದು ಫ್ರಾನ್ಸಿನ ಸ್ಟಿಮ್ ಪ್ರಯೋಗ. ಕನಿಷ್ಠ ಎರಡು ವರ್ಷ ರಕ್ತದಲ್ಲಿ ರೋಗದ ಸುಳಿವೇ ಸಿಗದಿದ್ದ 100 ಮಂದಿಯ ಇಮಾಟಿನಿಬ್ ನಿಲ್ಲಿಸಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಒಂದು ವರ್ಷದ ಹೊತ್ತಿಗೆ ಶೇ 40ರಷ್ಟು ಜನರಲ್ಲಿ ರೋಗ ಮರಳಿರಲಿಲ್ಲ. ಮರಳಿದವರಲ್ಲಿ ಬಹುಪಾಲು ಜನರಿಗೆ ಅದು ಮೊದಲ ಆರೇಳು ತಿಂಗಳಲ್ಲೇ ಮರಳಿತ್ತು. 2018ರಲ್ಲಿ ಪ್ರಕಟವಾದ ಯೂರೋ-ಸ್ಕಿ ಎಂಬ ದೊಡ್ಡ ಅಧ್ಯಯನದಲ್ಲಿ 11 ದೇಶಗಳ 750ಕ್ಕೂ ಹೆಚ್ಚು ಮಂದಿ ಇದ್ದರು. ಎರಡು ವರ್ಷದ ಬಳಿಕ ಅವರಲ್ಲಿ ಅರ್ಧದಷ್ಟು ಜನ ಔಷಧವಿಲ್ಲದೆ ಉಪಶಮನದಲ್ಲಿದ್ದರು. ನಿಮ್ಮ ವೈದ್ಯರು "ಅರ್ಧಕ್ಕರ್ಧ ಸಾಧ್ಯತೆ" ಎನ್ನುವುದು ಇಂಥ ಅಂಕಿಗಳಿಂದ.

ನನ್ನನ್ನು ಹೆಚ್ಚು ತಟ್ಟಿದ್ದು ಆಸ್ಟ್ರೇಲಿಯದ ಟ್ವಿಸ್ಟರ್ ಅಧ್ಯಯನ. ಅಲ್ಲಿನವರು ಮಾಮೂಲಿ ಪರೀಕ್ಷೆಗಿಂತ ಸೂಕ್ಷ್ಮವಾದ ಡಿಎನ್‌ಎ ಪರೀಕ್ಷೆಯಿಂದ ಹುಡುಕಿದರು. ಔಷಧ ನಿಲ್ಲಿಸಿ ವರ್ಷಗಟ್ಟಲೆ ಚೆನ್ನಾಗಿಯೇ ಇದ್ದವರ ರಕ್ತದಲ್ಲೂ ಬಿಸಿಆರ್-ಎಬಿಎಲ್ ಹೊತ್ತ ಕೋಶಗಳು ಸಿಕ್ಕವು. ರೋಗದ ಕೊನೆಯ ಕೋಶವೂ ಹೋಗಿರಲಿಲ್ಲ, ಆದರೂ ರೋಗ ತಲೆಯೆತ್ತಿರಲಿಲ್ಲ. ಹಾಗಾದರೆ ಅದನ್ನು ತಡೆದದ್ದು ಯಾವುದು? ರೋಗನಿರೋಧಕ ವ್ಯವಸ್ಥೆಯ ಮಾತು ಈ ಹಾದಿಯಲ್ಲಿ ಗಂಭೀರವಾಗಿ ಪ್ರವೇಶಿಸುವುದು ಇಲ್ಲಿಂದ.

ಯಾವ ಕೋಶಗಳ ಮೇಲೆ ಕಣ್ಣು

ರೋಗನಿರೋಧಕ ಕೋಶಗಳು ಸಿಎಂಎಲ್ ಅನ್ನು ಅಡಗಿಸಬಲ್ಲವು ಎಂಬುದು ಮಾತ್ರೆಗಳಿಗಿಂತ ಹಳೆಯ ಅರಿವು. ಅಸ್ಥಿಮಜ್ಜೆ ಕಸಿಯ ನಂತರ ರೋಗ ಮರಳಿದ ರೋಗಿಗಳಿಗೆ ದಾನಿಯ ಲಿಂಫೋಸೈಟುಗಳನ್ನು (ರೋಗನಿರೋಧಕ ಕೆಲಸದ ಬಿಳಿ ರಕ್ತಕಣಗಳನ್ನು) ಕೊಟ್ಟರೆ ರೋಗ ಮತ್ತೆ ಇಳಿಯುತ್ತದೆ ಎಂದು ಜರ್ಮನಿಯ ಹಾನ್ಸ್ ಕೋಲ್ಬ್ ಮತ್ತು ಸಂಗಡಿಗರು 1990ರಲ್ಲೇ ತೋರಿಸಿದ್ದರು. ಇಮಾಟಿನಿಬ್‌ಗೆ ಮೊದಲು ಕೊಡುತ್ತಿದ್ದ ಇಂಟರ್‌ಫೆರಾನ್ ಚುಚ್ಚುಮದ್ದನ್ನು ನಿಲ್ಲಿಸಿದ ಮೇಲೂ ಕೆಲವರು ಉಪಶಮನದಲ್ಲೇ ಉಳಿದಿದ್ದರು. ಅಂಥ ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸಿದವರ ರಕ್ತದಲ್ಲಿ ಲ್ಯುಕೇಮಿಯ ಕೋಶಗಳನ್ನು ಗುರುತಿಸಿ ಕೊಲ್ಲುವ ಟಿ ಕೋಶಗಳು ಕಂಡಿದ್ದವು.

ಮಾತ್ರೆ ನಿಲ್ಲಿಸಿದವರ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣುವ ಹೆಸರು ಎನ್‌ಕೆ ಕೋಶ. ಸಹಜ ಹಂತಕ ಕೋಶ ಎಂದೂ ಕರೆಯುತ್ತಾರೆ. ಮೊದಲೇ ತರಬೇತಿ ಪಡೆಯದೆ, ಎದುರಿನ ಕೋಶದ ಮೇಲ್ಮೈಯಲ್ಲಿ ಇರಬೇಕಾದ ಗುರುತು ಕಾಣೆಯಾಗಿದ್ದರೆ ಅಥವಾ ಒತ್ತಡಕ್ಕೆ ಸಿಕ್ಕಿದ ಗುರುತು ಮೂಡಿದ್ದರೆ, ಪರ್ಫೋರಿನ್ ಮತ್ತು ಗ್ರಾನ್ಜೈಮ್ ಎಂಬ ಪ್ರೋಟೀನುಗಳನ್ನು ಸುರಿದು ಅದನ್ನು ಕೊಲ್ಲುತ್ತದೆ. ರೋಗ ಪತ್ತೆಯಾದ ಹೊತ್ತಿಗೆ ಸಿಎಂಎಲ್ ರೋಗಿಗಳ ಎನ್‌ಕೆ ಕೋಶಗಳು ಕಡಿಮೆಯೂ ಇರುತ್ತವೆ, ಸೊರಗಿಯೂ ಇರುತ್ತವೆ. ಮಾತ್ರೆಯಿಂದ ರೋಗ ಆಳಕ್ಕೆ ಇಳಿದಂತೆ ಅವು ಚೇತರಿಸಿಕೊಳ್ಳುತ್ತವೆ. ಸ್ಟಿಮ್ ಪ್ರಯೋಗದ ಜೊತೆಗೆ ನಡೆದ ಇಮ್ಯುನೋಸ್ಟಿಮ್ ಅಧ್ಯಯನವು 2017ರಲ್ಲಿ ಹೇಳಿದ್ದು ಇದು: ನಿಲ್ಲಿಸುವ ಹೊತ್ತಿನಲ್ಲಿ ಎನ್‌ಕೆ ಕೋಶಗಳು, ಅದರಲ್ಲೂ ಸಿಡಿ56 ಗುರುತು ಮಂಕಾಗಿರುವ ಬಲಿತ ಬಗೆಯವು, ಹೆಚ್ಚಿದ್ದವರಲ್ಲಿ ರೋಗ ಮರಳಿದ್ದು ಕಡಿಮೆ. ಯೂರೋ-ಸ್ಕಿಯಲ್ಲಿ ಭಾಗವಹಿಸಿದ್ದ ಉತ್ತರ ಯುರೋಪಿನ ರೋಗಿಗಳಲ್ಲೂ ಇದೇ ದಿಕ್ಕಿನ ಫಲಿತಾಂಶ ಸಿಕ್ಕಿತು. ಡಾಸಾಟಿನಿಬ್ ನಿಲ್ಲಿಸಿದವರ ಮೇಲೆ ಜಪಾನಿನಲ್ಲಿ ನಡೆದ ಡಾಡಿ ಪ್ರಯೋಗದಲ್ಲೂ ಹಾಗೆಯೇ. ಮೂರು ಕಡೆಯ ಬೇರೆ ಬೇರೆ ರೋಗಿಗಳು, ಎರಡು ಬೇರೆ ಔಷಧಗಳು, ಒಂದೇ ಬಗೆಯ ಕೋಶ. ನನ್ನಂಥ ಪ್ರಯೋಗಾಲಯದವಳಿಗೆ ಇದು ಕಡೆಗಣಿಸಲಾಗದ ಸಾಕ್ಷ್ಯ.

ಟಿ ಕೋಶಗಳ ಕಥೆ ಇನ್ನಷ್ಟು ಸಿಕ್ಕಾಗಿದೆ. ಲ್ಯುಕೇಮಿಯ ಕೋಶಗಳ ಮೇಲಿನ ಕೆಲವು ಪ್ರೋಟೀನು ತುಣುಕುಗಳನ್ನು ಗುರುತಿಸುವ ಟಿ ಕೋಶಗಳು ಇದ್ದರೂ ರೋಗ ಜೋರಾಗಿರುವಾಗ ಅವು ದಣಿದಿರುತ್ತವೆ. ಆ ದಣಿವಿನ ಗುರುತು ಪಿಡಿ-1. ಮಾತ್ರೆ ತೆಗೆದುಕೊಂಡು ಆಳವಾದ ಉಪಶಮನ ಮುಟ್ಟಿದವರಲ್ಲಿ ಪಿಡಿ-1 ತಗ್ಗುತ್ತದೆ, ರೋಗನಿರೋಧಕ ಚಟುವಟಿಕೆಯನ್ನು ಅದುಮುವ ಮೈಲಾಯ್ಡ್ ಕೋಶಗಳೂ ಕಡಿಮೆಯಾಗುತ್ತವೆ. ಇತರ ರೋಗನಿರೋಧಕ ಕೋಶಗಳಿಗೆ ಕಡಿವಾಣ ಹಾಕುವ ನಿಯಂತ್ರಕ ಟಿ ಕೋಶಗಳು ಹೆಚ್ಚಿರುವುದು ಒಳ್ಳೆಯ ಲಕ್ಷಣವಲ್ಲ ಎಂದು ಕೆಲವು ಅಧ್ಯಯನಗಳು ಸೂಚಿಸಿವೆ. ಇನ್ನೊಂದು ಕುತೂಹಲದ ಗುರುತು ಪ್ಲಾಸ್ಮಸೈಟಾಯ್ಡ್ ಡೆಂಡ್ರೈಟಿಕ್ ಕೋಶಗಳು ಎಂಬ ಅಪರೂಪದ ರೋಗನಿರೋಧಕ ಕೋಶಗಳ ಮೇಲಿನ ಸಿಡಿ86. ಯೂರೋ-ಸ್ಕಿಯ ಒಂದು ಉಪ ಅಧ್ಯಯನದಲ್ಲಿ ಇಂಥ ಕೋಶಗಳು ಹೆಚ್ಚಿದ್ದವರ ಪೈಕಿ ಸುಮಾರು ಶೇ 30 ಮಂದಿಯಷ್ಟೇ ರೋಗ ಮರಳದೆ ಉಳಿದರು. ಕಡಿಮೆಯಿದ್ದವರಲ್ಲಿ ಆ ಪ್ರಮಾಣ ಶೇ 70ರಷ್ಟು.

ಇಷ್ಟು ದೊಡ್ಡ ವ್ಯತ್ಯಾಸ ಓದಿದಾಗ ನನ್ನ ಕೈಯೂ ಯಂತ್ರದ ಕಡೆ ಹೋಯಿತು. ಆದರೂ ತಮ್ಮನ ರಕ್ತವನ್ನು ನಾನು ಅದರಲ್ಲಿ ಹರಿಸಲಿಲ್ಲ.

ಎಣಿಕೆ ಏಕೆ ತೀರ್ಪಾಗದು

ಎನ್‌ಕೆ ಕೋಶಗಳ ಎಣಿಕೆ ಮಾಡಿಸಿಕೊಂಡು ಬಂದು ಆ ಒಂದು ಅಂಕಿಯ ಮೇಲೆ ಬದುಕಿನ ನಿರ್ಧಾರ ಕೈಗೊಳ್ಳಲು ಹೊರಟವರನ್ನು ಕಂಡಿದ್ದೇನೆ. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಆರೋಗ್ಯವಂತರಲ್ಲೇ ಎನ್‌ಕೆ ಕೋಶಗಳು ರಕ್ತದ ಲಿಂಫೋಸೈಟುಗಳಲ್ಲಿ ಸರಿಸುಮಾರು ಶೇ 5ರಿಂದ 20ರವರೆಗೆ ಎಲ್ಲಿಯಾದರೂ ಇರಬಹುದು. ಒಬ್ಬರಲ್ಲೇ ಅದು ಒಂದು ಕಡೆ ನಿಲ್ಲುವುದಿಲ್ಲ. ರಕ್ತ ಕೊಡುವ ಮೊದಲು ನಾಲ್ಕು ಮಹಡಿ ಮೆಟ್ಟಿಲು ಓಡಿ ಹತ್ತಿದರೆ ಅಡ್ರಿನಲಿನ್ ಪ್ರಭಾವದಿಂದ ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ಎನ್‌ಕೆ ಕೋಶಗಳು ರಕ್ತಕ್ಕೆ ಇಳಿದು ಎಣಿಕೆ ಜಿಗಿಯುತ್ತದೆ, ಸ್ವಲ್ಪ ಹೊತ್ತಿನ ಬಳಿಕ ಮೊದಲಿಗಿಂತ ಕೆಳಗೂ ಇಳಿಯಬಹುದು. ವೈರಾಣು ಸೋಂಕು, ಸ್ಟೆರಾಯ್ಡ್ ಔಷಧ, ದಿನದ ಯಾವ ಹೊತ್ತು ಎಂಬುದು ಎಲ್ಲವೂ ಲೆಕ್ಕವನ್ನು ಬದಲಿಸುತ್ತವೆ. ಸೈಟೋಮೆಗಲೋ ವೈರಾಣು ಎಂದೋ ಬಂದು ಹೋಗಿದ್ದರೆ ಒಂದು ವಿಶಿಷ್ಟ ಬಗೆಯ ಎನ್‌ಕೆ ಕೋಶಗಳು ವರ್ಷಗಳ ಕಾಲ ಹೆಚ್ಚಾಗಿಯೇ ಇರಬಹುದು. ಡಾಸಾಟಿನಿಬ್ ತೆಗೆದುಕೊಳ್ಳುವ ಕೆಲವರಲ್ಲಿ ಎನ್‌ಕೆ ಕೋಶಗಳೂ ಸೇರಿದಂತೆ ದೊಡ್ಡ ಲಿಂಫೋಸೈಟುಗಳು ಏರುತ್ತವೆ. ಅದು ಔಷಧದ ಪ್ರಭಾವ, ನಿಲ್ಲಿಸಿದ ಮೇಲೆ ಅದೇ ಮಟ್ಟ ಉಳಿಯುವ ಖಾತರಿಯಿಲ್ಲ.

ಅದರ ಮೇಲೆ ಪ್ರಯೋಗಾಲಯದ ವ್ಯತ್ಯಾಸಗಳು. ಸಿಡಿ3 ಇಲ್ಲದ, ಸಿಡಿ56 ಇರುವ ಕೋಶ ಎಂದು ಎಲ್ಲರೂ ಒಪ್ಪಿದರೂ, ಮಂಕು ಸಿಡಿ56 ಮತ್ತು ಉಜ್ವಲ ಸಿಡಿ56 ನಡುವಿನ ಗೆರೆಯನ್ನು ಪರದೆಯ ಮೇಲೆ ಎಳೆಯುವವರು ನಮ್ಮಂಥ ಮನುಷ್ಯರೇ. ಮಾದರಿ ತಡವಾಗಿ ಬಂದರೆ ಕೋಶಗಳು ಸಾಯುತ್ತವೆ. ಒಂದು ಪ್ರಯೋಗಾಲಯ ಶೇಕಡಾವಾರು ಕೊಡುತ್ತದೆ, ಇನ್ನೊಂದು ಒಂದು ಮೈಕ್ರೋಲೀಟರಿಗೆ ಎಷ್ಟು ಎಂದು ಕೊಡುತ್ತದೆ. ಇವುಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಲಾಗದು. ಸಿಡಿ86 ಹೊತ್ತ ಡೆಂಡ್ರೈಟಿಕ್ ಕೋಶಗಳಂತೂ ಲಕ್ಷ ಲಿಂಫೋಸೈಟುಗಳಿಗೆ ನೂರರ ಆಸುಪಾಸಿನ ಲೆಕ್ಕ. ಅಷ್ಟು ಅಪರೂಪದ ಕೋಶವನ್ನು ಎಲ್ಲ ಕಡೆ ಒಂದೇ ರೀತಿ ಎಣಿಸಬೇಕೆಂದರೆ ಎಲ್ಲರೂ ಒಂದೇ ವಿಧಾನವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು.

ಇವೆಲ್ಲಕ್ಕಿಂತ ಮುಖ್ಯವಾದ ಅಂಶ ಇನ್ನೊಂದಿದೆ. ಆ ಅಧ್ಯಯನಗಳು ಗುಂಪುಗಳ ನಡುವಿನ ವ್ಯತ್ಯಾಸವನ್ನು ಹೇಳುತ್ತವೆ. ಎನ್‌ಕೆ ಕೋಶ ಹೆಚ್ಚಿದ್ದೂ ರೋಗ ಮರಳಿದವರು ಇದ್ದಾರೆ, ಕಡಿಮೆಯಿದ್ದೂ ಚೆನ್ನಾಗಿರುವವರಿದ್ದಾರೆ. ಎನ್‌ಕೆ ಕೋಶಗಳ ಮೇಲಿನ ಕೆಐಆರ್ ಎಂಬ ಗ್ರಾಹಕಗಳ ಜೀನುಗಳನ್ನು ನೋಡಿದ ಅಧ್ಯಯನಗಳಂತೂ ಒಂದಕ್ಕೊಂದು ತಾಳೆಯಾಗಿಲ್ಲ. "ಎಣಿಕೆ ಕಡಿಮೆ ಬಂದರೆ ನೀನು ನಿಲ್ಲಿಸುವ ಅವಕಾಶ ಬಿಡುತ್ತೀಯಾ? ಹೆಚ್ಚು ಬಂದರೆ ತಿಂಗಳ ಪರೀಕ್ಷೆ ತಪ್ಪಿಸುತ್ತೀಯಾ?" ಎಂದು ತಮ್ಮನನ್ನು ಕೇಳಿದೆ. ಎರಡಕ್ಕೂ ಇಲ್ಲ ಎಂದ. ಯಾವ ಉತ್ತರ ಬಂದರೂ ಮಾಡುವ ಕೆಲಸ ಬದಲಾಗದಿದ್ದರೆ ಆ ಪರೀಕ್ಷೆ ಬೇಡ. ಸಂಶೋಧನೆಯ ಭಾಗವಾಗಿ, ನಿಮ್ಮ ಒಪ್ಪಿಗೆಯೊಂದಿಗೆ ರಕ್ತ ಕೇಳಿದರೆ ಮಾತ್ರ ದಯವಿಟ್ಟು ಕೊಡಿ. ಮುಂದಿನವರಿಗೆ ಆ ಪರೀಕ್ಷೆ ಸಿದ್ಧವಾಗುವುದು ಹಾಗೆಯೇ.

ನಿಜವಾಗಿ ನೋಡಬೇಕಾದ ಅಂಕಿಗಳು

ಹಾಗಾದರೆ ಯಾವುದನ್ನು ನೆಚ್ಚಿಕೊಳ್ಳಬೇಕು? ಎಷ್ಟು ವರ್ಷ ಔಷಧ ತೆಗೆದುಕೊಂಡಿರಿ ಮತ್ತು ಎಷ್ಟು ಕಾಲ, ಎಷ್ಟು ಆಳದ ಉಪಶಮನದಲ್ಲಿದ್ದೀರಿ ಎಂಬುದನ್ನು. ರೋಗನಿರೋಧಕ ವ್ಯವಸ್ಥೆಯ ಚೇತರಿಕೆಯೂ ಈ ಕಾಲಾವಧಿಯ ಜೊತೆಗೇ ನಡೆಯುತ್ತದೆ. ಹಾಗಾಗಿ ಇವುಗಳನ್ನು ಅಳೆದಾಗ ಆ ಚೇತರಿಕೆಯನ್ನೂ ಒಂದು ಮಟ್ಟಿಗೆ ಅಳೆದಂತೆಯೇ.

ಯುರೋಪಿಯನ್ ಲ್ಯುಕೇಮಿಯಾನೆಟ್ 2020ರಲ್ಲಿ ಕೊಟ್ಟ ಶಿಫಾರಸುಗಳ ತಿರುಳು ಹೀಗಿದೆ. ರೋಗ ಮೊದಲ ದೀರ್ಘಕಾಲಿಕ ಹಂತದಲ್ಲೇ ಇರಬೇಕು, ತೀವ್ರ ಹಂತಕ್ಕೆ ಹೋಗಿರಬಾರದು. ಹಿಂದೆ ಔಷಧ ವಿಫಲವಾಗಿರಬಾರದು. ಒಂದು ಮಾತ್ರೆ ಸಹಿಸಲಾಗದೆ ಇನ್ನೊಂದಕ್ಕೆ ಬದಲಿಸಿದ್ದರೆ ಅಡ್ಡಿಯಿಲ್ಲ. ಇಮಾಟಿನಿಬ್ ಆದರೆ ಐದು ವರ್ಷಕ್ಕಿಂತ ಹೆಚ್ಚು, ಎರಡನೆಯ ತಲೆಮಾರಿನ ಔಷಧವಾದರೆ ನಾಲ್ಕು ವರ್ಷಕ್ಕಿಂತ ಹೆಚ್ಚು ಚಿಕಿತ್ಸೆ ನಡೆದಿರಬೇಕು. ಆಳವಾದ ಉಪಶಮನ ಎರಡು ವರ್ಷಕ್ಕಿಂತ ಹೆಚ್ಚು ನಿಂತಿರಬೇಕು. ಎಂಆರ್4 ಮಟ್ಟದಲ್ಲಿರುವವರು (ಅಂದರೆ ಬಿಸಿಆರ್-ಎಬಿಎಲ್ ಶೇ 0.01ಕ್ಕೆ ಇಳಿದವರು) ಮೂರು ವರ್ಷ ಕಾದರೆ ಇನ್ನೂ ಒಳ್ಳೆಯದು. ಬಿಸಿಆರ್-ಎಬಿಎಲ್‌ನ ರೂಪವು ಇ13ಎ2 ಅಥವಾ ಇ14ಎ2 ಆಗಿರಬೇಕು. ರಕ್ತದಲ್ಲಿ ಬಿಸಿಆರ್-ಎಬಿಎಲ್ ಎಷ್ಟಿದೆ ಎಂದು ನೋಡುವ ಮಾಮೂಲಿ ಪಿಸಿಆರ್ ಪರೀಕ್ಷೆ ನಿಖರವಾಗಿ ಅಳೆಯುವುದು ಇವೆರಡನ್ನೇ. ರೋಗ ಪತ್ತೆಯಾದಾಗಿನ ಹಳೆಯ ವರದಿಯಲ್ಲಿ ಇದು ನಮೂದಾಗಿರುತ್ತದೆ, ಹುಡುಕಿ ತೆಗೆದಿಡಿ. ಯೂರೋ-ಸ್ಕಿಯಲ್ಲಿ ಇಮಾಟಿನಿಬ್ ಸುಮಾರು 5.8 ವರ್ಷಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡವರಿಗೆ ಫಲಿತಾಂಶ ಉತ್ತಮವಾಗಿತ್ತು. ಅವಸರಪಡದೆ ಇನ್ನೊಂದು ವರ್ಷ ಕಾಯಿರಿ ಎಂದು ವೈದ್ಯರು ಹೇಳಿದರೆ ಅದು ನಿಮ್ಮ ಪರವಾದ ಸಲಹೆ.

ಈಗ ಪಿಸಿಆರ್ ವರದಿಯನ್ನು ಓದುವ ಬಗೆ. ತಮ್ಮನೊಂದಿಗೆ ನಾನು ಹೆಚ್ಚು ಹೊತ್ತು ಕುಳಿತದ್ದು ಇದಕ್ಕಾಗಿ. ಮೊದಲು, ಫಲಿತಾಂಶ ಅಂತರರಾಷ್ಟ್ರೀಯ ಮಾನದ ಶೇಕಡಾವಾರಿನಲ್ಲಿ ಇದೆಯೇ ನೋಡಿ. ಶೇ 0.1ಕ್ಕೆ ಇಳಿದಿದ್ದರೆ ಅದು ಪ್ರಮುಖ ಆಣ್ವಿಕ ಪ್ರತಿಕ್ರಿಯೆ, 0.01ಕ್ಕೆ ಇಳಿದಿದ್ದರೆ ಎಂಆರ್4, 0.0032ಕ್ಕೆ ಇಳಿದಿದ್ದರೆ ಎಂಆರ್4.5. ಆಮೇಲೆ ಹೆಚ್ಚಿನವರು ದಾಟಿ ಹೋಗುವ ಒಂದು ಸಾಲಿಗೆ ಬನ್ನಿ: ಹೋಲಿಕೆಗಾಗಿ ಅಳೆಯುವ ನಿಯಂತ್ರಕ ಜೀನ್ ಎಬಿಎಲ್1ನ ಪ್ರತಿಗಳು ಎಷ್ಟು ಎಂಬುದು. "ಪತ್ತೆಯಾಗಿಲ್ಲ" ಎಂದು ಬರೆದಿದ್ದರೂ ಆ ಪ್ರತಿಗಳು ಕನಿಷ್ಠ 10,000 ಇಲ್ಲದಿದ್ದರೆ ಅದನ್ನು ಎಂಆರ್4 ಎನ್ನಲಾಗದು, 32,000 ಇಲ್ಲದಿದ್ದರೆ ಎಂಆರ್4.5 ಎನ್ನಲಾಗದು. ಮಾದರಿಯ ಆರ್‌ಎನ್‌ಎ ದಾರಿಯಲ್ಲಿ ಕೆಟ್ಟಿದ್ದರೆ ರೋಗವೂ ಕಾಣುವುದಿಲ್ಲ, ನಿಯಂತ್ರಕ ಜೀನೂ ಕಾಣುವುದಿಲ್ಲ. ಆ "ಪತ್ತೆಯಾಗಿಲ್ಲ"ಕ್ಕೆ ಬೆಲೆಯಿಲ್ಲ. ವರದಿಯಲ್ಲಿ ಈ ಅಂಕಿ ಇಲ್ಲದಿದ್ದರೆ ಪ್ರಯೋಗಾಲಯವನ್ನು ಕೇಳಿ ಪಡೆಯಿರಿ. ಕೇಳುವುದಕ್ಕೆ ಸಂಕೋಚ ಬೇಡ. ನನ್ನ ಮೇಜಿಗೆ ಇಂಥ ಪ್ರಶ್ನೆ ಬಂದಾಗ ನಾನು ಸಂತೋಷದಿಂದಲೇ ಉತ್ತರಿಸುತ್ತೇನೆ. ಪರೀಕ್ಷೆಗಳನ್ನು ಯಾವಾಗಲೂ ಒಂದೇ ಪ್ರಯೋಗಾಲಯದಲ್ಲಿ ಮಾಡಿಸಿ.

ನಿಲ್ಲಿಸುವ ದಿನಕ್ಕೆ ಮುನ್ನ ಖಚಿತಪಡಿಸಿಕೊಳ್ಳಬೇಕಾದ ಇನ್ನೊಂದು ಸಂಗತಿಯೆಂದರೆ ವರದಿ ಎಷ್ಟು ದಿನಕ್ಕೆ ಕೈಸೇರುತ್ತದೆ ಎಂಬುದು. ಎರಡು ವಾರದೊಳಗೆ ಬರುವುದು ಒಳ್ಳೆಯದು, ನಾಲ್ಕು ವಾರ ಮೀರುವಂತಿದ್ದರೆ ವೈದ್ಯರೊಂದಿಗೆ ಮಾತಾಡಿ ಬೇರೆ ವ್ಯವಸ್ಥೆ ಆಗುವವರೆಗೆ ನಿಲ್ಲಿಸಬೇಡಿ.

ಒಮ್ಮೆಲೇ ನಿಲ್ಲಿಸಬೇಕೋ, ಮೊದಲು ಪ್ರಮಾಣ ಇಳಿಸಬೇಕೋ? ಬ್ರಿಟನ್ನಿನ ಡೆಸ್ಟಿನಿ ಪ್ರಯೋಗದಲ್ಲಿ ಒಂದು ವರ್ಷ ಅರ್ಧ ಪ್ರಮಾಣ ಕೊಟ್ಟು ಆಮೇಲೆ ಪೂರ್ತಿ ನಿಲ್ಲಿಸಿದರು. ಎಂಆರ್4 ಮಟ್ಟದಲ್ಲಿ ಸ್ಥಿರವಾಗಿದ್ದವರಲ್ಲಿ ಮೂರು ವರ್ಷದ ಲೆಕ್ಕಕ್ಕೆ ಶೇ 72 ಮಂದಿ ರೋಗ ಮರಳದೆ ಉಳಿದರು, ಅಷ್ಟು ಆಳ ಮುಟ್ಟದವರಲ್ಲಿ ಶೇ 36 ಮಾತ್ರ. ನನ್ನ ಅಭಿಪ್ರಾಯದಲ್ಲಿ ಇದು ಕೇಳಿ ನೋಡಬೇಕಾದ ದಾರಿ. ತಮ್ಮನ ವೈದ್ಯರು ಒಮ್ಮೆಲೇ ನಿಲ್ಲಿಸುವುದನ್ನೇ ಆರಿಸಿದರು. ಅದೂ ಸರಿಯಾದ ಕ್ರಮವೇ.

ನಿಲ್ಲಿಸಿದ ಮೇಲೆ

ಮೊದಲ ಆರು ತಿಂಗಳು ಪ್ರತಿ ತಿಂಗಳು ಪಿಸಿಆರ್, ವರ್ಷ ತುಂಬುವವರೆಗೆ ಎರಡು ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ಇದಕ್ಕೆ ವಿನಾಯಿತಿ ಇಲ್ಲ, ಮುಗಿಯುವ ದಿನವೂ ಇಲ್ಲ. ಎರಡು ವರ್ಷದ ಬಳಿಕ ರೋಗ ಮರಳಿದವರೂ ಇದ್ದಾರೆ. ಉಪಶಮನದಿಂದ ನೇರವಾಗಿ ತೀವ್ರ ಹಂತಕ್ಕೆ ಜಾರಿದ ಕೆಲವೇ ಕೆಲವು ಅಪರೂಪದ ಪ್ರಕರಣಗಳೂ ವರದಿಯಾಗಿವೆ.

ವರದಿಯಲ್ಲಿ ಅಂಕಿ ಸ್ವಲ್ಪ ಏರಿದ ಮಾತ್ರಕ್ಕೆ ಕಂಗೆಡಬೇಡಿ. ನಿಲ್ಲಿಸಿದವರಲ್ಲಿ ಹಲವರಿಗೆ ಶೇ 0.1ರ ಕೆಳಗೇ ಏರಿಳಿತ ನಡೆಯುತ್ತಿರುತ್ತದೆ, ರೋಗ ಮಾತ್ರ ಮರಳುವುದಿಲ್ಲ. ಇಂಥ ಸಣ್ಣ ಅಲೆಗಳನ್ನು ರೋಗನಿರೋಧಕ ಕೋಶಗಳು ಅದುಮುತ್ತಿರಬಹುದು ಎಂಬುದು ಒಂದು ವಿವರಣೆ. ಫ್ರಾನ್ಸಿನ ಎ-ಸ್ಟಿಮ್ ಅಧ್ಯಯನದ ನಂತರ ಔಷಧ ಮತ್ತೆ ಆರಂಭಿಸುವ ಗೆರೆ ಶೇ 0.1 ಎಂದು ಎಲ್ಲೆಡೆ ಒಪ್ಪಿತವಾಯಿತು. ಅದನ್ನು ದಾಟಿದರೆ ಮಾತ್ರ ತಡಮಾಡದೆ, ಕೆಲವೇ ವಾರಗಳಲ್ಲಿ ಮಾತ್ರೆ ಮತ್ತೆ ಶುರುವಾಗಬೇಕು. 0.01 ಮತ್ತು 0.1ರ ನಡುವೆ ಇದ್ದರೆ ಪರೀಕ್ಷೆಯನ್ನು ಬೇಗ ಮರಳಿ ಮಾಡಿಸಿ.

ನಿಲ್ಲಿಸಿದ ಕೆಲವು ವಾರಗಳಲ್ಲಿ ಭುಜ, ಸೊಂಟ, ಕೀಲು, ಮಾಂಸಖಂಡಗಳಲ್ಲಿ ನೋವು ಬರಬಹುದು. ನೂರರಲ್ಲಿ 20ರಿಂದ 30 ಜನರಿಗೆ ಇದು ಆಗುತ್ತದೆ, ಸ್ವೀಡನ್ನಿನ ವೈದ್ಯರು 2014ರಲ್ಲಿ ಇದನ್ನು ಮೊದಲು ವರದಿ ಮಾಡಿದರು. ರೋಗ ಮರಳಿದ ಲಕ್ಷಣವಲ್ಲ ಇದು. ಹೆಚ್ಚಿನವರಿಗೆ ಪ್ಯಾರಸಿಟಮಾಲ್ ಅಥವಾ ಮಾಮೂಲಿ ನೋವುನಿವಾರಕ ಸಾಕು, ಕೆಲವರಿಗೆ ತಿಂಗಳುಗಟ್ಟಲೆ ಕಾಡುತ್ತದೆ. ನೋವು ಬಹಳವಾದಾಗ ವೈದ್ಯರು ಕೆಲಕಾಲ ಸ್ಟೆರಾಯ್ಡ್ ಕೊಡುವುದುಂಟು. ನೀವಾಗಿ ಸ್ಟೆರಾಯ್ಡ್ ತೆಗೆದುಕೊಳ್ಳಬೇಡಿ. ಬೇರೆ ಕಾಯಿಲೆಗೆ ಬೇರೆ ವೈದ್ಯರು ರೋಗನಿರೋಧಕ ಶಕ್ತಿ ಅದುಮುವ ಔಷಧ ಬರೆದುಕೊಟ್ಟರೆ ರಕ್ತರೋಗ ತಜ್ಞರಿಗೆ ತಪ್ಪದೆ ತಿಳಿಸಿ.

ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೇವೆ ಎನ್ನುವ ಪುಡಿ, ಕಷಾಯ, ಮಾತ್ರೆಗಳ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ: ಬೇಡ. ಅವುಗಳಲ್ಲಿ ಯಾವುದೂ ಔಷಧವಿಲ್ಲದ ಉಪಶಮನವನ್ನು ಕಾಪಾಡುತ್ತದೆ ಎಂದು ತೋರಿಸಿದ ಪ್ರಯೋಗವಿಲ್ಲ. ಮತ್ತೆ ಮಾತ್ರೆ ಶುರು ಮಾಡಬೇಕಾಗಿ ಬಂದಾಗ ಕೆಲವು ಅಪಾಯವನ್ನೂ ತರುತ್ತವೆ. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಯಕೃತ್ತಿನ ಕಿಣ್ವವನ್ನು ಚುರುಕುಗೊಳಿಸಿ ರಕ್ತದಲ್ಲಿ ಇಮಾಟಿನಿಬ್ ಮಟ್ಟವನ್ನು ಇಳಿಸುತ್ತದೆ ಎಂಬುದು ದೃಢಪಟ್ಟ ವಿಷಯ. ನಿದ್ದೆ, ನಡಿಗೆ, ತಂಬಾಕು ಬಿಡುವುದು ನಿಮ್ಮ ಒಟ್ಟು ಆರೋಗ್ಯಕ್ಕೆ ಖಂಡಿತ ಒಳ್ಳೆಯದು. ಆ ಕಾರಣಕ್ಕೆ ಮಾಡಿ, ಪಿಸಿಆರ್ ಅಂಕಿಯನ್ನು ಅವುಗಳಿಗೆ ಕಟ್ಟಿಹಾಕಬೇಡಿ.

ಮರಳಿದರೆ

ತಮ್ಮನಿಗೆ ಮೊದಲ ಅರ್ಧ ವರ್ಷದಲ್ಲೇ ಗೆರೆ ದಾಟಿತು. ವರದಿ ನೋಡಿ ಅವನು ಕೇಳಿದ್ದು ಒಂದೇ ಮಾತು: "ನನ್ನ ದೇಹಕ್ಕೆ ಶಕ್ತಿ ಸಾಲದಾಯಿತೇ ಅಕ್ಕ?" ಈ ಪ್ರಶ್ನೆ ಅವನೊಬ್ಬನದಲ್ಲ ಎಂದು ನನಗೆ ಗೊತ್ತು. ಅದಕ್ಕಾಗಿ ಇಷ್ಟು ಹೇಳುತ್ತೇನೆ. ಯಾರಲ್ಲಿ ರೋಗ ಮರಳುತ್ತದೆ ಎಂಬುದನ್ನು ರೋಗನಿರೋಧಕ ವ್ಯವಸ್ಥೆಯೊಂದೇ ನಿರ್ಧರಿಸುವುದಿಲ್ಲ. ಉಳಿದಿರುವ ಕೋಶಗಳು ಯಾವ ಬಗೆಯವು ಎಂಬುದೂ ಮುಖ್ಯ. ಆಸ್ಟ್ರೇಲಿಯದ ಸಂಶೋಧಕರು 2020ರಲ್ಲಿ ತೋರಿಸಿದಂತೆ, ಔಷಧವಿಲ್ಲದೆ ಉಪಶಮನದಲ್ಲಿರುವವರಲ್ಲಿ ಉಳಿದ ಬಿಸಿಆರ್-ಎಬಿಎಲ್ ಕೋಶಗಳು ಹೆಚ್ಚಾಗಿ ಸಿಕ್ಕಿದ್ದು ಲಿಂಫೋಸೈಟುಗಳಲ್ಲಿ. ರೋಗವನ್ನು ಬೆಳೆಸುವ ಗ್ರಾನ್ಯುಲೋಸೈಟು ಸಾಲಿನಲ್ಲಿ ಅಲ್ಲ. ಅಂದರೆ ಕೆಲವರಲ್ಲಿ ತಡೆಹಿಡಿಯಬೇಕಾದ ರೋಗದ ಆಕರ ಕೋಶಗಳೇ ಬಹುತೇಕ ಮುಗಿದುಹೋಗಿರಬಹುದು. ಇನ್ನು ಕೆಲವರಲ್ಲಿ ಅವು ಅಸ್ಥಿಮಜ್ಜೆಯಲ್ಲಿ ಔಷಧಕ್ಕೂ ಸಿಗದೆ ನಿದ್ರಿಸುತ್ತಿರುತ್ತವೆ. ಇ13ಎ2 ರೂಪ ಇರುವವರಿಗೆ ಇ14ಎ2 ಇರುವವರಿಗಿಂತ ಮರಳುವ ಸಾಧ್ಯತೆ ಹೆಚ್ಚು ಎಂದು ಹಲವು ಅಧ್ಯಯನಗಳು ಕಂಡಿವೆ. ಅದು ರೋಗ ಹುಟ್ಟುವಾಗಲೇ ಬಂದ ಗುಣ. ನನ್ನ ತಮ್ಮ ಮಾಡಿದ, ಬಿಟ್ಟ ಯಾವುದರಿಂದಲೂ ರೋಗ ಮರಳಿರಲಿಲ್ಲ.

ಮತ್ತೆ ಅದೇ ಇಮಾಟಿನಿಬ್ ಶುರುವಾಯಿತು, ಅಂಕಿ ಇಳಿಯಿತು. ಸರಿಯಾಗಿ ಗಮನಿಸುತ್ತಾ ಗೆರೆ ದಾಟಿದ ಕೂಡಲೇ ಔಷಧಕ್ಕೆ ಮರಳಿದವರಲ್ಲಿ ಬಹುತೇಕ ಎಲ್ಲರಿಗೂ ಹೀಗೆಯೇ ಆಗುತ್ತದೆ. ಔಷಧ ನಿಲ್ಲಿಸುವ ಪ್ರಯತ್ನವನ್ನು ಸುರಕ್ಷಿತ ಎನ್ನಲು ಆಧಾರ ಇದೇ.

ಎರಡನೆಯ ಸಲ ನಿಲ್ಲಿಸಬಹುದೇ? ಫ್ರಾನ್ಸಿನ ರೀ-ಸ್ಟಿಮ್ ಅಧ್ಯಯನದಲ್ಲಿ ಹಾಗೆ ಪ್ರಯತ್ನಿಸಿದವರ ಪೈಕಿ ಮೂರು ವರ್ಷದ ಬಳಿಕ ಮೂರನೇ ಒಂದು ಭಾಗದಷ್ಟು ಜನ ಔಷಧವಿಲ್ಲದೆ ಉಳಿದಿದ್ದರು. ಮೊದಲ ಸಲ ನಿಲ್ಲಿಸಿದಾಗ ಮೂರು ತಿಂಗಳವರೆಗಾದರೂ ಆಳವಾದ ಉಪಶಮನ ಹಿಡಿದಿದ್ದವರಿಗೆ ಎರಡನೆಯ ಸಲದ ಫಲಿತಾಂಶ ಸ್ಪಷ್ಟವಾಗಿ ಚೆನ್ನಾಗಿತ್ತು. ಆದ್ದರಿಂದ ಮೊದಲ ಪ್ರಯತ್ನದ ತಿಂಗಳವಾರು ವರದಿಗಳನ್ನು ಎಸೆಯಬೇಡಿ. ಮುಂದೆ ವೈದ್ಯರು ಕೇಳುವುದು ಅವುಗಳನ್ನೇ. ತಮ್ಮನ ಮೂರನೇ ತಿಂಗಳ ವರದಿ ಎಂಆರ್4ರಲ್ಲಿತ್ತು. ಈಗ ಮತ್ತೆ ಆಳವಾದ ಉಪಶಮನದಲ್ಲಿದ್ದಾನೆ, ಈ ಬಾರಿ ಪ್ರಮಾಣ ಅರ್ಧಕ್ಕೆ ಇಳಿಸಿ ನಿಲ್ಲಿಸುವ ಬಗ್ಗೆ ವೈದ್ಯರನ್ನು ಕೇಳಬೇಕೆಂದಿದ್ದಾನೆ. ಅವನ ಚೀಟಿಯಲ್ಲಿ ಬರೆದುಕೊಂಡಿರುವ ಪ್ರಶ್ನೆಗಳು ಮೂರು: ಕಳೆದ ಎಲ್ಲ ವರದಿಗಳಲ್ಲಿ ಎಬಿಎಲ್1 ಪ್ರತಿಗಳು ಸಾಕಷ್ಟಿದ್ದವೇ, ಇನ್ನೆಷ್ಟು ಕಾಲ ಕಾಯುವುದು ಒಳ್ಳೆಯದು, ಗೆರೆ ದಾಟಿದ ವರದಿ ಬಂದ ದಿನ ಯಾರಿಗೆ ಕರೆ ಮಾಡಬೇಕು.